ಗ್ರೂಪಿನಲ್ಲಿ ಉಳಿದವರು ಯಾರು, ಹೋದವರು ಎಲ್ಲಿ?

ಈ ತಿಂಗಳು ಬಂದ ಪತ್ರಗಳಲ್ಲಿ ಡಿಗ್ರಿ ಮುಗಿಸಿದ ಮಕ್ಕಳದ್ದೇ ಜಾಸ್ತಿ. ಎಲ್ಲದರಲ್ಲೂ ಒಂದಲ್ಲ ಒಂದು ಕಡೆ ಟೆಲಿಗ್ರಾಂ, ವಾಟ್ಸಾಪ್, ಲಿಂಕ್ಡ್‌ಇನ್ ಮಾತು ಬರುತ್ತದೆ. "ಗ್ರೂಪಿನಲ್ಲಿ ಹೀಗಂದರು, ಧೈರ್ಯ ಬಂತು" ಅಂತ ಒಬ್ಬರು. "ಗ್ರೂಪಿನಲ್ಲಿ ಹಾಗಂದರು, ಇದ್ದ ಧೈರ್ಯವೂ ಹೋಯಿತು" ಅಂತ ಇನ್ನೊಬ್ಬರು. ಹಾಗಾಗಿ ಈ ಸಲ ಅಂಥ ಐದು ಪತ್ರಗಳನ್ನೇ ಆರಿಸಿಕೊಂಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಚಿತ್ರದುರ್ಗ, ದಾವಣಗೆರೆ ಕಡೆಯ ಉದ್ಯೋಗ ವಿನಿಮಯ ಕಚೇರಿಗಳಲ್ಲಿ 36 ವರ್ಷ ಕೆಲಸ ಮಾಡಿ 2025ರಲ್ಲಿ ನಿವೃತ್ತಳಾದವಳು. ಕೆಲಸಕ್ಕೆ ಕಾಯುವವರ ಮುಖ ನೋಡುತ್ತಲೇ ಅರ್ಧಕ್ಕಿಂತ ಜಾಸ್ತಿ ಆಯಸ್ಸು ಕಳೆದಿದೆ. ನನ್ನ ಉತ್ತರವೆಲ್ಲ ಅಲ್ಲಿಂದಲೇ ಬರುವುದು.

ಪ್ರಶ್ನೆ: ಮೇಡಂ, ಬಿ.ಕಾಂ. ಮುಗಿಸಿ ಎರಡು ವರ್ಷ ಆಯಿತು. ಕೆಎಎಸ್‌ಗೆ ಓದುತ್ತಿದ್ದೇನೆ. ಜೊತೆಗೆ ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಎಸ್‌ಡಿಎ ಎಲ್ಲದಕ್ಕೂ ಅರ್ಜಿ ಹಾಕುತ್ತೇನೆ. ಹನ್ನೊಂದು ಟೆಲಿಗ್ರಾಂ ಗ್ರೂಪಿನಲ್ಲಿದ್ದೇನೆ. ಹೋದ ಪರೀಕ್ಷೆಯ ಕೀ ಆನ್ಸರ್ ಬಂದ ದಿನ ಒಂದು ಗ್ರೂಪಿನಲ್ಲಿ ಪೋಲ್ ಹಾಕಿದರು. ನನಗೆ 61 ಬರುತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ 75ರ ಮೇಲೆ ಅಂತ ಒತ್ತಿದ್ದರು. ಎರಡು ವಾರ ಪುಸ್ತಕ ಮುಟ್ಟಲಿಲ್ಲ. ಈಗ ನಮ್ಮೂರಿನ ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಕೆಲಸಕ್ಕೆ ಕರೆದಿದ್ದಾರೆ. ತಿಂಗಳಿಗೆ 14 ಸಾವಿರ. ಗ್ರೂಪಿನಲ್ಲಿ ಕೇಳಿದೆ. "ಕೆಲಸಕ್ಕೆ ಸೇರಿದರೆ ಓದು ಮುಗೀತು, ಇನ್ನೊಂದು ವರ್ಷ ತಪಸ್ಸು ಮಾಡು" ಅಂತ ನಲವತ್ತು ಜನ ಬರೆದರು. ಅಪ್ಪ ಏನೂ ಹೇಳುವುದಿಲ್ಲ. ಆಫೀಸಿನವರ ಹತ್ತಿರ ಒಂದು ತಿಂಗಳು ಟೈಮ್ ಕೇಳಿದ್ದೇನೆ. ಏನು ಮಾಡಲಿ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ತಂಗಿ, ನಿನ್ನನ್ನು ನೀನು ಅಂತಲೇ ಕರೆಯುತ್ತೇನೆ. ನನ್ನ ಮಗಳ ವಯಸ್ಸು ನಿನ್ನದು.

ಮೊದಲು ಆ ಪೋಲಿನ ವಿಷಯ ಮುಗಿಸೋಣ. ಕೀ ಆನ್ಸರ್ ಬಂದ ರಾತ್ರಿ ಏನಾಗುತ್ತದೆ ಅಂತ ಒಂದು ಸಲ ಕಣ್ಣ ಮುಂದೆ ತಂದುಕೋ. 82 ಬಂದವನು ಮೊದಲು ಓಡಿಬಂದು ಒತ್ತುತ್ತಾನೆ. 45 ಬಂದವಳು ಫೋನ್ ಮಗುಚಿ ಇಟ್ಟು ಮಲಗುತ್ತಾಳೆ. ನೀನೇ ಹೇಳು, 61 ಬಂತಲ್ಲ, ನೀನು ಒತ್ತಿದೆಯಾ? ನಿನ್ನ ಪತ್ರದಲ್ಲಿ "ಒತ್ತಿದ್ದರು" ಅಂತಿದೆ, "ಒತ್ತಿದೆ" ಅಂತ ಇಲ್ಲ. ನಿನ್ನ ಹಾಗೆ ಸುಮ್ಮನೆ ನೋಡಿ ಹೋದವರು ಎಷ್ಟು ಸಾವಿರವೋ. ಅಲ್ಲಿ ಯಾರೂ ಹಾಲ್ ಟಿಕೆಟ್ ನಂಬರ್ ಕೇಳುವುದಿಲ್ಲ, ಒಎಂಆರ್ ಪ್ರತಿ ತೋರಿಸು ಅನ್ನುವುದಿಲ್ಲ. ಕಟ್ ಆಫ್ ನಿಲ್ಲುವುದು ಹುದ್ದೆ ಎಷ್ಟು, ಯಾವ ವರ್ಗ, ಮಹಿಳೆಯಾ, ಗ್ರಾಮೀಣವಾ, ಕನ್ನಡ ಮಾಧ್ಯಮವಾ, ಇವುಗಳ ಮೇಲೆ. ಒಂದೇ ಪರೀಕ್ಷೆಗೆ ಹತ್ತಾರು ಕಟ್ ಆಫ್ ಇರುತ್ತವೆ. ಆ ಪೋಲಿನಲ್ಲಿ ಇದೊಂದೂ ಇಲ್ಲ. ಅದನ್ನು ನಂಬಿ ನೀನು ಹದಿನಾಲ್ಕು ದಿನ ಕಳೆದುಕೊಂಡೆ.

ಈಗ ಆ ನಲವತ್ತು ಜನರ ಮಾತು. ಇದಕ್ಕೆ ನನ್ನದೇ ಒಂದು ಕಥೆ ಹೇಳಬೇಕು.

ನಾನು ಬಿ.ಕಾಂ. ಮುಗಿಸಿದ್ದು 1986ರಲ್ಲಿ. ಆಗ ದಾವಣಗೆರೆ ಇನ್ನೂ ಜಿಲ್ಲೆ ಆಗಿರಲಿಲ್ಲ, ಅದು ಆಗಿದ್ದು 1997ರಲ್ಲಿ. ಹೆಸರು ನೋಂದಾಯಿಸಲು ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಕಚೇರಿಯ ಹೊರಗೆ ಒಂದು ಉದ್ದದ ಮರದ ಬೆಂಚು. ಅದರ ಮೇಲೆ ಯಾವಾಗಲೂ ಏಳೆಂಟು ಜನ. ಕೈಯಲ್ಲಿ ಮಾರ್ಕ್ಸ್ ಕಾರ್ಡಿನ ಕವರು, ಪಕ್ಕದಲ್ಲಿ ಮಡಚಿದ ಎಂಪ್ಲಾಯ್‌ಮೆಂಟ್ ನ್ಯೂಸ್. ನಿಮ್ಮ ಟೆಲಿಗ್ರಾಂ ಗ್ರೂಪು ಇದೆಯಲ್ಲ, ನಮಗೆ ಆ ಬೆಂಚೇ ಗ್ರೂಪು. ಯಾವ ಇಲಾಖೆಯಲ್ಲಿ ಹುದ್ದೆ ಖಾಲಿ, ಯಾವ ಪುಸ್ತಕ ಓದಬೇಕು, ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಅದನ್ನು ನಾನು ಮರೆಯುವುದಿಲ್ಲ. ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹೇಗೆ ತುಂಬಬೇಕು ಅಂತ ಹೇಳಿಕೊಟ್ಟಿದ್ದು ಆ ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಣ್ಣ.

ಅದೇ ಹೊತ್ತಿಗೆ ದಾವಣಗೆರೆಯ ಒಂದು ಹತ್ತಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಬಂತು. ಬೆಂಚಿನ ಮೇಲೆ ಕೇಳಿದೆ. "ಬಿಎಸ್‌ಆರ್‌ಬಿ ಪರೀಕ್ಷೆ ಬರೆಯುವವಳು ಮಂಡಿಗೆ ಹೋಗ್ತೀಯಾ? ಓದು ಕೆಡುತ್ತೆ" ಅಂದರು. (ಬಿಎಸ್‌ಆರ್‌ಬಿ ಅಂದರೆ ಆಗಿನ ಬ್ಯಾಂಕ್ ನೇಮಕಾತಿ ಮಂಡಳಿ.) ಎಲ್ಲರೂ ಅಂದರು. ಬೇಡ ಅಂತ ಹೇಳಿ ಕಳಿಸಿದೆ. ಒಂದೂವರೆ ವರ್ಷ ಮನೆಯಲ್ಲಿ ಓದಿದೆ. ಲಿಖಿತ ಪರೀಕ್ಷೆ ಪಾಸಾಯಿತು. ಇಂಟರ್‌ವ್ಯೂನಲ್ಲಿ ಒಂದು ಸಾದಾ ಪ್ರಶ್ನೆ: "ಹುಂಡಿ ಅಂದರೇನು, ನೀವು ನೋಡಿದ್ದೀರಾ?" ವ್ಯಾಪಾರಿಗಳು ದುಡ್ಡು ಕೊಡುವುದಕ್ಕೆ ಬರೆದುಕೊಡುವ ಚೀಟಿ ಅಂತ ಪುಸ್ತಕದ ಸಾಲು ಹೇಳಿದೆ. "ನೋಡಿದ್ದೀರಾ" ಅಂತ ಮತ್ತೆ ಕೇಳಿದರು. ನೋಡಿರಲಿಲ್ಲ. ಮೊಣಕಾಲು ನಡುಗಿದ್ದು ಇವತ್ತಿಗೂ ನೆನಪಿದೆ. ಹೊರಗೆ ಬಂದಾಗ ಒಬ್ಬಳು ಹುಡುಗಿ ಸಿಕ್ಕಳು. ಎರಡು ವರ್ಷ ಅಂಗಡಿಯೊಂದರಲ್ಲಿ ಖಾತೆ ಬರೆದವಳು. ಅವಳಿಗೆ ಆ ಪ್ರಶ್ನೆ ಪ್ರಶ್ನೆಯೇ ಆಗಿರಲಿಲ್ಲ.

ಮುಂದೆ ನಾನೇ ಅದೇ ಇಲಾಖೆಗೆ ಸೇರಿ ಕೌಂಟರಿನ ಒಳಗೆ ಕೂತೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ನೋಂದಣಿ ಕಾರ್ಡನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೆಲಸ ಸಿಕ್ಕವರು ನವೀಕರಣಕ್ಕೆ ಬರುತ್ತಲೇ ಇರಲಿಲ್ಲ. ಅಂಗಡಿ ಹಾಕಿದವರು, ಟೈಲರಿಂಗ್ ಶುರು ಮಾಡಿದವರು, ಕಾನ್ವೆಂಟಿನಲ್ಲಿ ಟೀಚರ್ ಆದವರು, ಅವರೂ ಬರುತ್ತಿರಲಿಲ್ಲ. ಅವರ ಕಾರ್ಡು ಸುಮ್ಮನೆ ರದ್ದಾಗುತ್ತಿತ್ತು. ಮತ್ತೆ ಮತ್ತೆ ಬರುತ್ತಿದ್ದವರು ಇನ್ನೂ ಕಾಯುತ್ತಿರುವವರು. ಬೆಂಚಿನ ಮೇಲೆ ಕೂತು ಹೊಸಬರಿಗೆ ಬುದ್ಧಿ ಹೇಳುತ್ತಿದ್ದವರೂ ಅವರೇ. ಅವರು ಕೆಟ್ಟವರಲ್ಲ, ಸುಳ್ಳೂ ಹೇಳುತ್ತಿರಲಿಲ್ಲ. ಆದರೆ ಅವರಿಗೆ ಗೊತ್ತಿದ್ದ ದಾರಿ ಕಾಯುವುದೊಂದೇ.

ನಿನ್ನ ಗ್ರೂಪಿನಲ್ಲೂ ಹಾಗೇ ಅಲ್ವಾ? ಆಯ್ಕೆಯಾದವರು ಒಂದು ಫೋಟೊ ಹಾಕಿ, ನಾಲ್ಕು ದಿನ ಹಾರೈಕೆ ತೆಗೆದುಕೊಂಡು, ಟ್ರೈನಿಂಗಿಗೆ ಹೋಗಿಬಿಡುತ್ತಾರೆ. ಬೇರೆ ಕೆಲಸ ಹಿಡಿದವರು ಸದ್ದಿಲ್ಲದೆ ಗ್ರೂಪ್ ಬಿಡುತ್ತಾರೆ. ಉಳಿದು ರಾತ್ರಿ ಹನ್ನೊಂದಕ್ಕೂ ಮಾತಾಡುವವರು ಇನ್ನೂ ಕಾಯುತ್ತಿರುವವರು. ನೀನು ಅವರ ಜೊತೆ ಕಾಯುವುದನ್ನು ಬಿಡುತ್ತೀಯಾ ಅಂದರೆ ಅವರಿಗೂ ಒಳಗೊಳಗೆ ಅಳುಕು. "ತಪಸ್ಸು ಮಾಡು" ಅನ್ನುವಾಗ ಅವರು ತಮಗೇ ಹೇಳಿಕೊಳ್ಳುತ್ತಿರುತ್ತಾರೆ.

ಒಂದು ಕೆಲಸ ಮಾಡು. ಆ ನಲವತ್ತರಲ್ಲಿ ಐದು ಜನಕ್ಕೆ ಪರ್ಸನಲ್ ಆಗಿ ಬರೆ: "ನೀವು ಈಗ ಏನು ಮಾಡುತ್ತಿದ್ದೀರಿ? ಕೆಲಸ ಮಾಡಿಕೊಂಡು ಯಾವಾಗಲಾದರೂ ಓದಿದ್ದೀರಾ?" ಉತ್ತರ ಬಂದ ಮೇಲೆ ಅವರ ಸಲಹೆಯನ್ನು ಮತ್ತೆ ಓದು. ಆಮೇಲೆ ನಿಮ್ಮ ನಾಡಕಚೇರಿಗೆ ಒಂದು ದಿನ ಹೋಗು. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪರೀಕ್ಷೆ ನಡೆದಿತ್ತಲ್ಲ, ಅದರಲ್ಲಿ ಆಯ್ಕೆಯಾದವರು ಯಾರಾದರೂ ನಿಮ್ಮ ತಾಲೂಕಿನಲ್ಲೇ ಸಿಗಬಹುದು. ಹೇಗೆ ಓದಿದಿರಿ ಅಂತ ಕೇಳುವುದು ಸರಿ. ಅದಕ್ಕಿಂತ ಮುಖ್ಯವಾಗಿ, ಬೆಳಿಗ್ಗೆಯಿಂದ ಸಂಜೆವರೆಗೆ ಅವರು ಏನು ಮಾಡುತ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡು. ಎರಡು ವರ್ಷದಿಂದ ಓದುತ್ತಿರುವ ಹುದ್ದೆಯ ಕೆಲಸವನ್ನು ನೀನು ಒಂದು ದಿನವಾದರೂ ನೋಡಿದ್ದೀಯಾ? ನಿನ್ನ ಪತ್ರದಲ್ಲಿ ಅದರ ಸುಳಿವೇ ಇಲ್ಲ.

ಧೈರ್ಯದ ಬಗ್ಗೆ ಆಲ್ಬರ್ಟ್ ಬಂಡೂರ ಅನ್ನುವ ಮನಃಶಾಸ್ತ್ರಜ್ಞರು 1977ರಲ್ಲಿ ಬರೆದದ್ದು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. "ನನ್ನ ಕೈಲಿ ಆಗುತ್ತೆ" ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಅಂತ ಅವರು ಹೇಳಿದರು. ತಾನೇ ಮಾಡಿ ಗೆದ್ದದ್ದು ಒಂದು. ತನ್ನಂಥವರು ಮಾಡಿದ್ದನ್ನು ನೋಡಿದ್ದು ಇನ್ನೊಂದು. ಬೇರೆಯವರ ಹುರಿದುಂಬಿಸುವ ಮಾತು ಮೂರನೆಯದು. ಎದೆ ಹೊಡೆದುಕೊಳ್ಳುವುದು, ಸುಸ್ತು, ನಿದ್ದೆ, ಇಂಥ ಮೈಮನಸ್ಸಿನ ಸ್ಥಿತಿ ನಾಲ್ಕನೆಯದು. ಇದರಲ್ಲಿ ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಗ್ರೂಪು ನಿನಗೆ ಎರಡನೆಯದನ್ನೂ ಮೂರನೆಯದನ್ನೂ ಧಾರಾಳವಾಗಿ ಕೊಡುತ್ತದೆ. ನಾಲ್ಕನೆಯದನ್ನು ಕೆಡಿಸುತ್ತದೆ. ಮೊದಲನೆಯದನ್ನು ಕೊಡಲು ಅದಕ್ಕೆ ಆಗುವುದಿಲ್ಲ. ಅದಕ್ಕೇ ನಿನ್ನ ಧೈರ್ಯ ಬೆಳಿಗ್ಗೆ ಏರಿ ರಾತ್ರಿ ಇಳಿಯುತ್ತಿದೆ.

ಆ ಆಫೀಸಿನ ಕೆಲಸ ನಿನಗೆ ಆ ಮೊದಲನೆಯದನ್ನು ಕೊಡುತ್ತದೆ. ರಾಣೆಬೆನ್ನೂರು ಬೀಜದ ವ್ಯಾಪಾರದ ಊರು, ಪಕ್ಕದಲ್ಲೇ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ. ಒಬ್ಬ ವ್ಯಾಪಾರಿ ತಂದ ಬಿಲ್ಲಿನ ಕಟ್ಟನ್ನು ಬಿಚ್ಚಿ, ಎಂಟ್ರಿ ಮಾಡಿ, ತಪ್ಪು ಹಿಡಿದು, ರಿಟರ್ನ್ ಸಲ್ಲಿಸಿದ ದಿನ ನಿನಗೇ ಗೊತ್ತಾಗುತ್ತದೆ. ಯಾರೂ ಪೋಲ್ ಹಾಕಬೇಕಾಗಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಸೇರು. ಕೆಎಎಸ್ ಆಸೆ ಬಿಡಬೇಡ. ಆದರೆ ಸೇರುವ ಮೊದಲು ಎರಡು ಮಾತು ಆಡಿಕೋ. ಒಂದು, ಪರೀಕ್ಷೆಗೆ ಮುಂಚೆ ಹದಿನೈದು ದಿನ ಸಂಬಳವಿಲ್ಲದ ರಜೆ. ಎರಡು, ಸಂಜೆ ಇಂತಿಷ್ಟು ಗಂಟೆಗೆ ಬಿಡುವುದು. ಜಿಎಸ್‌ಟಿ ಕೆಲಸಕ್ಕೆ ತಿಂಗಳಲ್ಲಿ ಎರಡು ಬಿಸಿ ಹೊತ್ತು: ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಕು, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20. ಅದರ ಹಿಂದಿನ ಮೂರು ನಾಲ್ಕು ದಿನ ಓದು ಆಗುವುದಿಲ್ಲ, ಅದನ್ನು ಮೊದಲೇ ಒಪ್ಪಿಕೋ. ಉಳಿದ ದಿನ ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಓದಿದರೂ ಸಾಕಷ್ಟು ಆಗುತ್ತದೆ. ಪರೀಕ್ಷೆಯ ತಾರೀಕು ನಮ್ಮ ಕೈಯಲ್ಲಿ ಇರುವುದಿಲ್ಲ ನೋಡು. 384 ಹುದ್ದೆಗೆ 2024ರ ಆಗಸ್ಟ್ 27ರಂದು ಆದ ಕೆಎಎಸ್ ಪೂರ್ವಭಾವಿ ಪರೀಕ್ಷೆ ಮತ್ತೆ ಡಿಸೆಂಬರ್ 29ರಂದು ನಡೆಯಿತು. ಕೈಯಲ್ಲಿ ಬೇರೊಂದು ಕೆಲಸ ಇದ್ದವರಿಗೆ ಆ ನಾಲ್ಕು ತಿಂಗಳು ಬರೀ ಓದು ಮುಂದುವರಿಸುವ ಕಾಲ. ಇಲ್ಲದವರಿಗೆ ರೂಮ್ ಬಾಡಿಗೆಯ ಕಾಲ.

ಹನ್ನೊಂದು ಗ್ರೂಪಿನಲ್ಲಿ ಎರಡು ಇಟ್ಟುಕೋ. ಅಧಿಸೂಚನೆ ಹಾಕುವುದು ಒಂದು. ಅದರಲ್ಲಿ ಬಂದದ್ದನ್ನು ಪರೀಕ್ಷೆ ನಡೆಸುವ ಆಯೋಗದ ಅಥವಾ ಪ್ರಾಧಿಕಾರದ ಸ್ವಂತ ವೆಬ್‌ಸೈಟಿನಲ್ಲಿ ನೋಡಿಯೇ ನಂಬು. ಬರೆದ ಉತ್ತರವನ್ನು ಒಬ್ಬರಿಗೊಬ್ಬರು ತಿದ್ದುವ ಸಣ್ಣ ಗ್ರೂಪು ಎರಡನೆಯದು. ಅಂಥದ್ದು ಇಲ್ಲದಿದ್ದರೆ ನಾಲ್ಕು ಜನ ಸೇರಿ ಮಾಡಿಕೊಳ್ಳಿ.

ಅಪ್ಪ ಏನೂ ಹೇಳುವುದಿಲ್ಲ ಅಂದೆ. ನೀನು ಅಪ್ಪನನ್ನು ಕೇಳಿದೆಯಾ? ನಲವತ್ತು ಜನ ಗೊತ್ತಿಲ್ಲದವರನ್ನು ಕೇಳಿದ್ದೀಯಲ್ಲ, ಊಟ ಆದ ಮೇಲೆ ಒಂದು ಸಲ ಪಕ್ಕದಲ್ಲಿ ಕೂತು ಕೇಳು.

ಪ್ರಶ್ನೆ: ಅಕ್ಕಾ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದೇನೆ. ಕ್ಯಾಂಪಸ್ಸಿನಲ್ಲೇ ಒಂದು ಸಾಫ್ಟ್‌ವೇರ್ ಕಂಪನಿಯ ಆಫರ್ ಲೆಟರ್ ಸಿಕ್ಕಿತ್ತು. ಹತ್ತು ತಿಂಗಳಾಯಿತು, ಸೇರುವ ದಿನ ಮೂರು ಸಲ ಮುಂದೆ ಹೋಯಿತು. ನನ್ನ ಹಾಗೆ ಕಾಯುತ್ತಿರುವವರದ್ದೇ ಒಂದು ವಾಟ್ಸಾಪ್ ಗ್ರೂಪ್ ಇದೆ, ಮುನ್ನೂರು ಜನ. ಅದರಿಂದಲೇ ಇಷ್ಟು ದಿನ ತಡೆದುಕೊಂಡಿದ್ದೇನೆ. ಆದರೆ ಲಿಂಕ್ಡ್‌ಇನ್ ತೆರೆದರೆ ಕ್ಲಾಸ್‌ಮೇಟುಗಳ ಹೊಸ ಕೆಲಸದ ಫೋಟೊ. ರಾತ್ರಿ ನಿದ್ದೆ ಬರುವುದಿಲ್ಲ. ಇನ್ನೂ ಕಾಯಲಾ?
– ಅರಸೀಕೆರೆಯ ಹುಡುಗ, ಈಗ ಬೆಂಗಳೂರಿನ ಪಿಜಿಯಲ್ಲಿ

ಉತ್ತರ: ತಮ್ಮಾ, ನಿನ್ನ ವಾಟ್ಸಾಪ್ ಗ್ರೂಪಿನ ಬಗ್ಗೆ ನನಗೆ ಗೌರವ ಇದೆ. "ನನ್ನೊಬ್ಬನದೇ ತಪ್ಪು" ಅಂತ ಕೊರಗುತ್ತಿದ್ದ ಹುಡುಗನಿಗೆ "ಇಲ್ಲ ಮಾರಾಯಾ, ನಾವು ಮುನ್ನೂರು ಜನ ಇದ್ದೇವೆ" ಅಂತ ಗೊತ್ತಾಗುವುದು ಸಣ್ಣ ವಿಷಯ ಅಲ್ಲ. ಒಬ್ಬೊಬ್ಬರೇ ಇಮೇಲ್ ಬರೆದರೆ ಉತ್ತರ ಬರದ ಕಡೆ ಎಲ್ಲರೂ ಸೇರಿ ಬರೆದರೆ ಒಂದು ಉತ್ತರವಾದರೂ ಬರುತ್ತದೆ. ಅಷ್ಟಕ್ಕೆ ಆ ಗ್ರೂಪು ಬೇಕು.

ಆದರೆ ಮೇಲಿನ ತಂಗಿಗೆ ಹೇಳಿದ್ದು ನಿನಗೂ ಸೇರುತ್ತದೆ. ಅಲ್ಲಿಂದ ಬೇರೆ ಕೆಲಸಕ್ಕೆ ಹೋದವರು ಎಷ್ಟು ಜನ, ಯಾವ ಕೆಲಸಕ್ಕೆ ಅಂತ ಕೇಳು. ಆ ಪಟ್ಟಿ ನಿನ್ನ ಹತ್ತಿರ ಇರಲಿ. ಕಾಯುವುದಕ್ಕೆ ಒಂದು ತಾರೀಕು ಹಾಕಿಕೋ, ಕ್ಯಾಲೆಂಡರಿನಲ್ಲಿ ಗುರುತು ಮಾಡು. ನನ್ನನ್ನು ಕೇಳಿದರೆ ಇನ್ನು ಆರು ವಾರ, ಅಷ್ಟೇ. ಆ ಆರು ವಾರವೂ ಸುಮ್ನೆ ಕೂರಬೇಡ. ನೀನು ಮೆಕ್ಯಾನಿಕಲ್ ಓದಿದವನು, ಬೆಂಗಳೂರಿನಲ್ಲೇ ಇದ್ದೀಯ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಒಂದು ಸಲ ಹೋಗಿ ಬಂದಿದ್ದೀಯಾ? ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರದ ಮುಂದೆ ನಿಂತು ಮಾತಾಡಿದ್ದೀಯಾ? ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ ಇದೆ, ಸ್ಟೈಪೆಂಡ್ ಸಿಗುತ್ತದೆ. ಅದರ ಪೋರ್ಟಲಿನಲ್ಲಿ ಇವತ್ತೇ ನೋಂದಾಯಿಸು.

ಇನ್ನು ಲಿಂಕ್ಡ್‌ಇನ್. ಅದನ್ನು ರಾತ್ರಿ ನೋಡುವುದು ಬಿಡು, ಬೆಳಿಗ್ಗೆ ಹತ್ತಕ್ಕೆ ಕೆಲಸದ ಹಾಗೆ ತೆಗೆ. ಕ್ಲಾಸ್‌ಮೇಟುಗಳ ಫೋಟೊ ನೋಡಲು ಅದು ಬೇಡ, ಪರಿಚಯ ಅಷ್ಟಾಗಿ ಇಲ್ಲದವರನ್ನು ಹುಡುಕಲು ಬೇಕು. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲೇ ಹೇಳಿದ್ದರು: ಕೆಲಸದ ಸುದ್ದಿ ಹತ್ತಿರದ ಗೆಳೆಯರಿಗಿಂತ ದೂರದ ಪರಿಚಯದವರಿಂದ ಬರುವುದು ಜಾಸ್ತಿ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಅದಕ್ಕೆ. ಲಿಂಕ್ಡ್‌ಇನ್‌ನಲ್ಲೇ ಐದು ವರ್ಷ, ಸುಮಾರು ಎರಡು ಕೋಟಿ ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ತೀರಾ ಹತ್ತಿರವೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ಅಂಥ ನಡುವಿನ ಪರಿಚಯವೇ ಕೆಲಸ ಬದಲಿಸಲು ಹೆಚ್ಚು ನೆರವಾಯಿತು ಅಂತ ಅದರಲ್ಲಿದೆ. ನಿನಗೆ ಅಂಥವರು ಅಂದರೆ ನಿನ್ನ ಕಾಲೇಜಿನ ಐದಾರು ವರ್ಷ ಹಿಂದಿನ ಸೀನಿಯರ್‌ಗಳು.

ಅವರಿಗೆ ಹೀಗೆ ಬರೆ: "ನಮಸ್ಕಾರ ಸರ್. ನೀವು ಓದಿದ ಕಾಲೇಜಿನಲ್ಲೇ ನಾನೂ ಮೆಕ್ಯಾನಿಕಲ್ ಮುಗಿಸಿದ್ದೇನೆ. ನೀವು ಈಗ ಮಾಡುತ್ತಿರುವ ಕ್ವಾಲಿಟಿ ವಿಭಾಗದ ಕೆಲಸದಲ್ಲಿ ಹೊಸಬರು ಮೊದಲ ಆರು ತಿಂಗಳು ಏನು ಮಾಡುತ್ತಾರೆ ಅಂತ ತಿಳಿಯಬೇಕಿತ್ತು. ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದಾ?" ಇಷ್ಟೇ. ರೆಸ್ಯೂಮೆ ಅಂಟಿಸಬೇಡ, ಕೆಲಸ ಕೊಡಿಸಿ ಅನ್ನಬೇಡ. ಹತ್ತು ಜನಕ್ಕೆ ಬರೆದರೆ ಇಬ್ಬರು ಮೂವರು ಮಾತಾಡುತ್ತಾರೆ. ಮಾತು ಮುಗಿಯುವಾಗ "ಇನ್ನೂ ಯಾರ ಹತ್ತಿರ ಮಾತಾಡಲಿ?" ಅಂತ ಕೇಳು.

ನಿದ್ದೆಯ ಮಾತು: ಎರಡು ವಾರ ಕಳೆದರೂ ಸರಿಹೋಗದಿದ್ದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನ್ನ ಮಗಳು ಎಂ.ಎಸ್ಸಿ. ಸಸ್ಯಶಾಸ್ತ್ರ ಮುಗಿಸಿದ್ದಾಳೆ. ಲೆಕ್ಚರರ್ ಆಗಲಿ ಅಂತ ನನ್ನ ಆಸೆ. ಅವಳು ಒಂದು ವರ್ಷದಿಂದ ಕನ್ನಡ ವಿಕಿಪೀಡಿಯಕ್ಕೆ ಗಿಡಮರಗಳ ಬಗ್ಗೆ ಲೇಖನ ಬರೆಯುತ್ತಿದ್ದಾಳೆ. ಒಂದು ಪೈಸೆ ಇಲ್ಲ. ಈಗ "ವಿಜ್ಞಾನ ಬರವಣಿಗೆ, ಅನುವಾದವೇ ನನ್ನ ದಾರಿ" ಅನ್ನುತ್ತಾಳೆ. ಮುಖ ನೋಡದ ಜನ ಮಗಳ ತಲೆ ಕೆಡಿಸಿದರು ಅಂತ ನನಗೆ ಚಿಂತೆ.
– ಅಡಿಕೆ ಬೆಳೆಗಾರ, ಶಿರಸಿ ತಾಲೂಕು

ಉತ್ತರ: ನಿಮ್ಮ ಪತ್ರ ಬಂದ ಮೇಲೆ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ವಿಕಿಪೀಡಿಯ ನೋಡಿದೆ. 2003ರಿಂದ ಇದೆ ಅದು. ಓದಿದ್ದೆ, ಒಳಗೆ ಹೇಗೆ ನಡೆಯುತ್ತದೆ ಅಂತ ನೋಡಿರಲಿಲ್ಲ. ಪ್ರತಿ ಲೇಖನದ ಮೇಲೆ 'ಇತಿಹಾಸ' ಅಂತ ಒಂದು ಗುಂಡಿ. ಒತ್ತಿದರೆ ಯಾರು, ಯಾವ ದಿನ, ಯಾವ ಸಾಲು ಬದಲಿಸಿದರು ಅಂತ ಪೂರ್ತಿ ಕಾಣುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಇದಕ್ಕೆ ಆಧಾರ ಎಲ್ಲಿ ಅಂತ ಕೇಳುತ್ತಾರೆ. ಎಲ್ಲರೂ ಸೇರಿ ಮಾತಾಡುವ ಜಾಗಕ್ಕೆ ಅವರು ಇಟ್ಟ ಹೆಸರು ಅರಳಿ ಕಟ್ಟೆ. ನೋಡಿ ನನಗೆ ಖುಷಿಯಾಯಿತು.

ನಿಮ್ಮ ಮಗಳು ಸೇರಿದ್ದು ಕೆಲಸ ನಡೆಯುವ ಜಾಗ. "ನಿನ್ನಿಂದ ಆಗುತ್ತೆ" ಅಂತ ಅಲ್ಲಿ ಯಾರೂ ಬೆನ್ನು ತಟ್ಟಿ ಕೂರಿಸಿಲ್ಲ. ಅವಳು ಬರೆದಳು, ತಪ್ಪು ತೋರಿಸಿದರು, ತಿದ್ದಿದಳು, ಲೇಖನ ನಿಂತಿತು. ಅವಳ ಧೈರ್ಯ ಅಲ್ಲಿಂದ ಬಂದಿದ್ದು. ಅದನ್ನು ತಲೆ ಕೆಡಿಸುವುದು ಅನ್ನಬೇಡಿ. ಅವಳು ಬರೆದ ಒಂದು ಲೇಖನ ತೆರೆಸಿ, ಅಪ್ಪ ಮಗಳು ಜೊತೆಗೆ ಕೂತು ಓದಿ. ನಿಮ್ಮ ತೋಟದಂಚಿನ ಗಿಡವೇ ಅದರಲ್ಲಿರಬಹುದು. ಹಳ್ಳಿಯಲ್ಲಿ ಅದಕ್ಕೆ ಇರುವ ಇನ್ನೊಂದು ಹೆಸರು ಅವಳಿಗಿಂತ ನಿಮಗೇ ಚೆನ್ನಾಗಿ ಗೊತ್ತಿರಬಹುದು.

ದುಡ್ಡಿನ ವಿಷಯದಲ್ಲಿ ನಿಮ್ಮ ಚಿಂತೆ ಸರಿ. ವಿಕಿಪೀಡಿಯ ಲೇಖನಕ್ಕೆ ಸಂಬಳ ಕೊಡುವುದಿಲ್ಲ. ಅನುವಾದದಲ್ಲಿ ಬದುಕು ನಡೆಸುವವರು ಇದ್ದಾರೆ, ಆದರೆ ದಾರಿ ನಿಧಾನ. ಅಡಿಕೆ ಸಸಿ ನೆಟ್ಟವರಿಗೆ ಐದಾರು ವರ್ಷ ಕಾಯುವುದು ಏನು ಅಂತ ನಾನು ಹೇಳಬೇಕಾಗಿಲ್ಲ. ಆ ವರ್ಷಗಳಲ್ಲಿ ನಡುವೆ ಬಾಳೆ ಹಾಕುತ್ತೀರಲ್ಲ, ಹಾಗೆ ಅವಳಿಗೂ ಒಂದು ನಡುಬೆಳೆ ಬೇಕು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಬರೆಯಲಿ, ಸಿಕ್ಕರೆ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಲಿ. ಜೊತೆಗೆ ಆರು ತಿಂಗಳೊಳಗೆ ದುಡ್ಡು ಕೊಡುವ ಒಂದಾದರೂ ಅನುವಾದ ಮಾಡಲಿ, ಸಣ್ಣದಾದರೂ ಸರಿ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ, ಬೆಂಗಳೂರಿನಲ್ಲಿ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇದೆ. ತಾನು ಬರೆದ ಹತ್ತು ಒಳ್ಳೆಯ ಲೇಖನ ಹಿಡಿದುಕೊಂಡು ಅಲ್ಲಿ ವಿಚಾರಿಸಲಿ. ಮೊದಲ ಸಲ ನೀವೇ ಜೊತೆಗೆ ಹೋಗಿ.

ಪ್ರಶ್ನೆ: ಟೆಲಿಗ್ರಾಂನಲ್ಲಿ ಒಬ್ಬರು ಡೇಟಾ ಎಂಟ್ರಿ ಕೆಲಸ ಇದೆ, ಮೊದಲು 2,500 ರೂಪಾಯಿ ಕಟ್ಟಿ ಅಂದರು. ಕಟ್ಟಿದೆ. ಈಗ ಇನ್ನೂ 6,000 ಕೇಳುತ್ತಿದ್ದಾರೆ. ಕಟ್ಟಿದರೆ ಎರಡೂ ವಾಪಸ್ ಕೊಡುತ್ತಾರಂತೆ. ಗ್ರೂಪಿನಲ್ಲಿ ದುಡ್ಡು ಬಂದ ಸ್ಕ್ರೀನ್‌ಶಾಟ್ ತುಂಬಾ ಇವೆ.
– ಬಿ.ಎ. ಪದವೀಧರೆ, ಕೊಪ್ಪಳ

ಉತ್ತರ: ಇನ್ನೊಂದು ರೂಪಾಯಿ ಕಟ್ಟಬೇಡ. ಈ ಪುಟ ಓದಿದ ತಕ್ಷಣ 1930ಕ್ಕೆ ಫೋನ್ ಮಾಡು, ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳಿದರೆ ದುಡ್ಡು ತಡೆಯುವ ಅವಕಾಶ ಅಷ್ಟು ಜಾಸ್ತಿ. ಚಾಟ್ ಅಳಿಸಬೇಡ, ಕಟ್ಟಿದ ಯುಪಿಐ ನಂಬರ್ ಬರೆದಿಟ್ಟುಕೋ. ಆ ಸ್ಕ್ರೀನ್‌ಶಾಟ್ ಹಾಕುವವರೂ ಅವರ ಕಡೆಯವರೇ ಇರುತ್ತಾರೆ. ನಿಜವಾದ ಕೆಲಸ ಕೊಡುವವರು ಸೇರುವವರಿಂದ ದುಡ್ಡು ಕೇಳುವುದಿಲ್ಲ. ಮನೆಯಲ್ಲಿ ಹೇಳು ತಂಗಿ, ಬೈಗುಳ ಬಿದ್ದರೂ ಹೇಳು. ಮೋಸ ಮಾಡಿದವರು ಅವರು, ನೀನು ನಾಚಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಮೇಡಂ, 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆದ ಹೊತ್ತಿನಲ್ಲಿ ಬಿ.ಎಡ್. ಗೆಳತಿಯರಿಗಾಗಿ ಒಂದು ಗ್ರೂಪ್ ಮಾಡಿದೆ. ಈಗ 280 ಜನ. ನಾನು ಖಾಸಗಿ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. ದಿನಾ ರಾತ್ರಿ ಯಾರಾದರೂ "ಅಕ್ಕಾ, ನನ್ನಿಂದ ಆಗಲ್ಲ" ಅಂತ ಬರೆಯುತ್ತಾರೆ. ಧೈರ್ಯ ಹೇಳಿ ಹೇಳಿ ನನಗೇ ಸಾಕಾಗಿದೆ. ಗ್ರೂಪ್ ಮುಚ್ಚಿಬಿಡಲಾ?
– ಗ್ರೂಪಿನ ಅಡ್ಮಿನ್, ಉಡುಪಿ ಜಿಲ್ಲೆ

ಉತ್ತರ: ಮುಚ್ಚಬೇಡಿ. ಆದರೆ ಧೈರ್ಯ ಹೇಳುವ ಕೆಲಸವನ್ನು ಇವತ್ತಿನಿಂದ ನಿಲ್ಲಿಸಿ.

ರಾತ್ರಿ ಒಂಬತ್ತಕ್ಕೆ ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿ, ಬೆಳಿಗ್ಗೆ ಆರಕ್ಕೆ ತೆರೆಯಿರಿ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಅಂಕ, ಕಟ್ ಆಫ್ ಊಹೆ, ಪೋಲ್, ಇವು ಬೇಡ ಅಂತ ಒಂದು ಸಾಲು ಮೇಲೆ ಪಿನ್ ಮಾಡಿ. ಆಗಲ್ಲ ಅಂತ ಬರೆದವಳಿಗೆ "ಆಗುತ್ತೆ" ಅನ್ನುವ ಬದಲು "ನಾಳೆ ಬೆಳಿಗ್ಗೆ ಮಕ್ಕಳ ಮನೋವಿಜ್ಞಾನದ ಹತ್ತು ಪ್ರಶ್ನೆ ಬಿಡಿಸಿ ನನಗೆ ಕಳಿಸು" ಅನ್ನಿ. ಯಾವಳಾದರೂ ಬದುಕೇ ಬೇಡ ಅನ್ನುವ ಮಾತಾಡಿದರೆ ಮಾತ್ರ ಹೊತ್ತು ನೋಡಬೇಡಿ. ಆಗಲೇ ಫೋನ್ ಮಾಡಿ, ಅವಳ ಮನೆಯವರಿಗೆ ತಿಳಿಸಿ, ಮೇಲೆ ಹೇಳಿದ 14416 ಕೊಡಿ. ಅದನ್ನು ನೀವೊಬ್ಬರೇ ಹೊರಬೇಡಿ.

ಇನ್ನೊಂದು ಕೆಲಸ. ಇಷ್ಟು ವರ್ಷದಲ್ಲಿ ನಿಮ್ಮ ಗ್ರೂಪ್ ಬಿಟ್ಟು ಹೋದವರ ನಂಬರ್ ನಿಮ್ಮ ಫೋನಿನಲ್ಲಿ ಇನ್ನೂ ಇರಬೇಕು. ಹುಡುಕಿ. ಸರ್ಕಾರಿ ಶಾಲೆಗೆ ಸೇರಿದವಳು ಒಬ್ಬಳು ಸಿಗುತ್ತಾಳೆ, ಟ್ಯೂಷನ್ ಶುರು ಮಾಡಿದವಳು ಒಬ್ಬಳು, ಪಾಠದ ಕಡೆಯೇ ತಿರುಗದೆ ಸೊಸೈಟಿಯಲ್ಲೋ ಅಂಚೆ ಕಚೇರಿಯಲ್ಲೋ ಕೂತವಳು ಒಬ್ಬಳು. ಭಾನುವಾರ ಸಂಜೆ ಒಬ್ಬೊಬ್ಬರನ್ನೇ ಅರ್ಧ ಗಂಟೆ ಕರೆಸಿ ಮಾತಾಡಿಸಿ. ಹೇಗೆ ಗೆದ್ದಿರಿ ಅಂತ ಕೇಳಬೇಡಿ. ಕೆಲಸದ ಮೊದಲ ವಾರ ಹೇಗಿತ್ತು ಅಂತ ಕೇಳಿ.

ಮೊದಲ ಭಾನುವಾರ ನೀವೇ ಮಾತಾಡಿ. ಮೊದಲ ದಿನ ಆ ಶಾಲೆಯಲ್ಲಿ ಕ್ಲಾಸಿನ ಬಾಗಿಲು ತೆಗೆದು ಒಳಗೆ ಹೋದಾಗ ಮಕ್ಕಳು ಏನು ಮಾಡಿದರು, ನೀವು ಏನು ಹೇಳಿದಿರಿ, ಅಲ್ಲಿಂದ ಶುರು ಮಾಡಿ.